ಇಬ್ಬನಿಗೆ ಹೊತ್ತ ಹರಕೆ

"ಸುಳ್ಳುಬುರುಕಿ! ಹಂಸ, ನೀನು ದೊಡ್ಡ ಸುಳ್ಳುಬುರುಕಿ ಕಣೇ!"

ಯಶಸ್ ಲೈಬ್ರರಿ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದು ಮೈದಾನದ ಆ ತುದಿಯಿಂದ ಓಡಿ ಬರುತ್ತಿದ್ದ. ಊಟದ ಬೆಲ್ ಈಗಷ್ಟೇ ಹೊಡೆದಿತ್ತು. ಊಟ ಎಂದರೆ ಪ್ರಾಣ ಬಿಡುವ ಯಶಸ್ ಟಿಫಿನ್ ಡಬ್ಬಿಯನ್ನೇ ಕ್ಲಾಸಿನಲ್ಲಿ ಬಿಟ್ಟು ಬಂದಿದ್ದಾನೆ ಎಂದರೆ ವಿಷಯ ದೊಡ್ಡದೇ ಇರಬೇಕು.

ಹೊಂಗೆ ಮರದ ಕಟ್ಟೆಯ ಮೇಲೆ ಅವನ ಕ್ಲಾಸಿನ ಹಂಸ, ಸೌಜನ್ಯ, ಸಂಜಯ್ ಕೂತಿದ್ದರು. ಮಧ್ಯದಲ್ಲಿ ಸೌಜನ್ಯಳ ಸ್ಟೀಲ್ ಡಬ್ಬಿ. ಅದರ ತುಂಬ ತಂಬಿಟ್ಟಿನ ಉಂಡೆ. ಅಕ್ಕಿಹಿಟ್ಟು, ಬೆಲ್ಲ, ಎಳ್ಳು ಹಾಕಿ ಸೌಜನ್ಯಳ ಅಜ್ಜಿ ಕಟ್ಟಿ ಕಳಿಸಿದ್ದು. ಹಂಸಳ ಬಾಯಲ್ಲಿ ಆಗಲೇ ಅರ್ಧ ಉಂಡೆ ಇತ್ತು. ಯಶಸ್ ಎತ್ತಿ ಹಿಡಿದ ಪುಸ್ತಕ ಯಾವುದೆಂದು ಕಂಡ ಕೂಡಲೇ ಆ ಅರ್ಧ ಉಂಡೆ ಗಂಟಲಲ್ಲೇ ನಿಂತುಬಿಟ್ಟಿತು.

"ಏನ್ಲಾ ಆಯ್ತು?" ಎಂದ ಸಂಜಯ್.

"ಇಬ್ಬನಿ ವಾಪಸ್ ಬರೋದೇ ಇಲ್ಲ ಕಣ್ಲಾ! ಆರತಿನೂ ಇಲ್ಲ, ಪಟ್ಟಾಭಿಷೇಕಾನೂ ಇಲ್ಲ. ಎಲ್ಲಾ ಇವಳೇ ಕಟ್ಟಿ ಹೇಳಿದ್ದು!"

"ಸುಮ್ನಿರೋ, ತಮಾಷೆ ಮಾಡ್ಬೇಡ" ಎಂದಳು ಸೌಜನ್ಯ.

"ತಮಾಷೆನಾ? ಕೇಳು ಹಾಗಾದ್ರೆ." ಯಶಸ್ ಏದುಸಿರು ಬಿಡುತ್ತಲೇ ಕೊನೆಯ ಪುಟ ತೆಗೆದು ಓದಿದ. "ಬೆಳಗಾಗುವಾಗ ಕೆಳಗಿನ ಊರಿಗೆ ನೀರು ಬಂತು. ಇಬ್ಬನಿ ಬರಲಿಲ್ಲ. ಚಿಗುರ ಮೊದಲ ನೀರನ್ನು ಮಡಕೆಯಲ್ಲಿ ಹಿಡಿದು ಬಾಗಿಲಲ್ಲಿಟ್ಟ. ಅಕ್ಕ ಬಂದರೆ ಕಾಲು ತೊಳೆಯಬೇಕಲ್ಲ ಎಂದ. ಯಾರೂ ಏನೂ ಹೇಳಲಿಲ್ಲ. ನೀರು ಹರಿಯುತ್ತಲೇ ಇತ್ತು. ಮುಗೀತು! ಇಷ್ಟೇ!"



ಮೊದಲು ಬಾಯಿ ಬಿಟ್ಟವನು ಸಂಜಯ್. "ಬರಲಿಲ್ಲ ಅಂದ್ರೆ ಸತ್ತಳು ಅಂತ ಎಲ್ಲಿದೆ? ಪಾರ್ಟ್ ಟು ಬರುತ್ತೆ ಕಣೋ. ಅದ್ರಲ್ಲಿ ಬರ್ತಾಳೆ."

"ಬರಲ್ಲ ಕಣೋ! ಇಷ್ಟು ದಪ್ಪ ಪುಸ್ತಕ ಓದಿಸಿ ಕೊನೇಲಿ ಹೀಗಾ ಮಾಡೋದು? ಬರೆದೋರು ನಂಗೆ ಸಿಗ್ಲಿ, ಕೇಳ್ತೀನಿ!"

ಸೌಜನ್ಯ ಮಾತ್ರ ಹಂಸಳ ಮುಖವನ್ನೇ ನೋಡುತ್ತಿದ್ದಳು. "ನಿಜಾನಾ ಹಂಸ? ನೀನು ಓದಿದ್ದು ಪುಸ್ತಕದಲ್ಲಿ ಇರ್ಲಿಲ್ವಾ?"

ಹಂಸ ಕಷ್ಟಪಟ್ಟು ತಂಬಿಟ್ಟು ನುಂಗಿದಳು. ಆಮೇಲೆ ಇಲ್ಲ ಎಂದು ತಲೆಯಾಡಿಸಿದಳು.

"ನಮ್ಮಜ್ಜಿ ಹರಕೆ ತೀರ್ಸ್‌ಬುಟ್ಟವ್ಳೆ ಕಣೇ" ಎಂದಳು ಸೌಜನ್ಯ. ಅವಳ ದನಿ ಬಹಳ ಸಣ್ಣಗಿತ್ತು. ಜಗಳಕ್ಕೆ ಬಂದಿದ್ದರೂ ಹಂಸಳಿಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. "ಅಮ್ಮನ್ ಗುಡೀಗೋಗಿ ತಂಬಿಟ್ಟಿನ ಆರತಿ ಬೆಳಗಿ ಬಂದವ್ಳೆ. ಈಗ ನಾನ್ ಹೋಗಿ ಏನಂತ ಹೇಳ್ಲಿ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಎದ್ದು ಕ್ಲಾಸಿನ ಕಡೆ ಹೋದಳು. ಸಂಜಯ್ ಕೈ ಚಾಚಿದವನು ಹಾಗೇ ಕೈ ಹಿಂದಕ್ಕೆ ಎಳೆದುಕೊಂಡ.

ಇಷ್ಟಕ್ಕೆಲ್ಲ ಕಾರಣ ಆ ಪುಸ್ತಕ. ಹೆಸರು 'ಹನಿ ಲೆಕ್ಕದ ಊರು'. ಹೊಳೆನರಸೀಪುರದ ಆ ಶಾಲೆಯ ಲೈಬ್ರರಿಯಲ್ಲಿ ಅದು ಇದ್ದದ್ದು ಒಂದೇ ಒಂದು, ಬೇಕಾಗಿದ್ದದ್ದು ಎಲ್ಲರಿಗೂ. ಒಬ್ಬರು ಈ ಕಡೆ ಎಳೆದು, ಇನ್ನೊಬ್ಬರು ಆ ಕಡೆ ಎಳೆದು, ರಟ್ಟು ಕಿತ್ತು ಬರುವುದೊಂದು ಬಾಕಿ. ಆಗ ರೂಪಶ್ರೀ ಮಿಸ್ ಬಂದು, "ಜಗಳ ಆಡೋದಾದ್ರೆ ಯಾರಿಗೂ ಕೊಡಲ್ಲ. ಒಬ್ರು ಓದಿ, ಮಿಕ್ಕೋರು ಕೇಳಿ" ಎಂದು ತೀರ್ಪು ಕೊಟ್ಟಿದ್ದರು.

ಓದುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಹಂಸಳ ಮನೆ ದೇವಸ್ಥಾನದ ಬೀದಿಯಲ್ಲಿತ್ತು. ಅವಳ ತಾತ ವೆಂಕಟರಾಮಯ್ಯ ರಿಟೈರ್ಡ್ ಮೇಷ್ಟ್ರು. ಶನಿವಾರ ಸಂಜೆಯಾದರೆ ಜಗುಲಿಯ ಮೇಲೆ ಕೂತು ರಾಗವಾಗಿ ಪುರಾಣ ಓದುತ್ತಿದ್ದರು. ಬೀದಿಯ ಹತ್ತಾರು ಜನ ಬಂದು ಕೇಳುತ್ತಿದ್ದರು. ಗಟ್ಟಿಯಾಗಿ ಓದುವುದು ಹಂಸಳಿಗೆ ಮನೆಯಲ್ಲೇ ಬಂದ ವಿದ್ಯೆ. ಕತೆಯಲ್ಲಿ ರೋಬೋಟ್ ಪೊಲೀಸ್ ಬಂದರೆ ಮೂಗು ಹಿಡಿದುಕೊಂಡು ಮಾತಾಡುತ್ತಿದ್ದಳು. ಕೆಟ್ಟ ಅಧ್ಯಕ್ಷ ಬಂದರೆ ಹುಬ್ಬು ಗಂಟಿಕ್ಕಿ ಗುಡುಗುತ್ತಿದ್ದಳು. ಇಬ್ಬನಿ ಬಂದರೆ ಮಾತ್ರ ತನ್ನ ದನಿಯಲ್ಲೇ ಓದುತ್ತಿದ್ದಳು. ಇಬ್ಬನಿ ಎಂದರೆ ತಾನೇ ಎಂದು ಅವಳಿಗೆ ಒಳಗೊಳಗೇ ಅನ್ನಿಸಿತ್ತು.

ಕತೆ ನಡೆಯುವುದು ಎಷ್ಟೋ ವರ್ಷ ಮುಂದೆ. ಒಂದು ದೊಡ್ಡ ಗೋಡೆ, ಗೋಡೆಯ ಹಿಂದೆ ನೀರೆಲ್ಲ. ಮೇಲಿನ ಊರಿನವರಿಗೆ ಬೇಕಾದಷ್ಟು ನೀರು, ಕೆಳಗಿನ ಊರಿನವರಿಗೆ ಮೆಷೀನಿನಲ್ಲಿ ಅಳೆದು ಬಿಡುವ ಹನಿ. ಆಕಾಶದ ತುಂಬ ಕಾವಲಿನ ಡ್ರೋನು. ಕೆಳಗಿನ ಊರಿನ ಇಬ್ಬನಿ, ಪುಟ್ಟ ತಮ್ಮ ಚಿಗುರನನ್ನು ಮನೆಯಲ್ಲಿ ಬಿಟ್ಟು, ಒಬ್ಬಳೇ ಸುರಂಗದಲ್ಲಿ ಹೋಗಿ ಗೋಡೆಯ ತೂಬು ಎತ್ತಬೇಕು. ಗೋಡೆ ಎಂದಾಗೆಲ್ಲ ನಾಲ್ವರ ಕಣ್ಣಿಗೂ ಬರುತ್ತಿದ್ದದ್ದು ಟ್ರಿಪ್ ಹೋದಾಗ ನೋಡಿದ ಗೊರೂರು ಡ್ಯಾಮು. ಕತೆಯಲ್ಲಿ ನೀರಿನಡಿ ಮುಳುಗಿದ ಹಳೇ ಊರು ಬಂದರೆ, ಆ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಚರ್ಚು.

ಆದರೆ ಕೇಳುವವರು ಮೂವರೇ ಎಂದು ಹಂಸ ತಿಳಿದದ್ದು ತಪ್ಪಾಗಿತ್ತು. ಸೌಜನ್ಯ ದಿನಾ ಬಸ್ಸಿನಲ್ಲಿ ಹಳ್ಳಿಮೈಸೂರಿನ ಹತ್ತಿರದ ತನ್ನ ಊರಿಗೆ ಹೋಗಿ, ಅವತ್ತು ಕೇಳಿದ್ದನ್ನೆಲ್ಲ ತನ್ನ ಅಜ್ಜಿ ಚಿಕ್ಕಲಕ್ಷ್ಮಮ್ಮನಿಗೆ ಒಪ್ಪಿಸುತ್ತಿದ್ದಳು. ರೋಬೋಟ್ ಎಂದರೆ ಏನೆಂದು ತಿಳಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಕೊನೆಗೆ ಅಜ್ಜಿಯೇ, "ಓ, ಉಸ್ರಾಡ್ದೆ ಇರೋ ಪೊಲೀಸು ಅನ್ನು" ಎಂದು ತಾವೇ ಅರ್ಥ ಮಾಡಿಕೊಂಡಿದ್ದರು. ಅಲ್ಲಿಂದಾಚೆ ಅಜ್ಜಿಗೆ ಇಬ್ಬನಿಯದೇ ಚಿಂತೆ. ಮುದ್ದೆ ಕಟ್ಟುವಾಗಲೂ, "ಆ ಮಗ ಹೊಟ್ಟೆಗೇನಾರ ತಿಂತಾ?" ಎಂದು ಕೇಳುತ್ತಿದ್ದರು.

ಇಬ್ಬನಿ ಸುರಂಗದೊಳಗೆ ಕಾಲಿಟ್ಟ ಅಧ್ಯಾಯ ಮುಗಿದ ಮಾರನೇ ದಿನ ಸೌಜನ್ಯ ನಗುತ್ತಲೇ ಬಂದಿದ್ದಳು. "ನಮ್ಮಜ್ಜಿ ಏನ್ ಮಾಡವ್ಳೆ ಗೊತ್ತಾ? ಇಬ್ಬನಿ ಸುರಂಗದಿಂದ ಸುಸೂತ್ರ ಮನೆಗ್ ಬಂದ್ರೆ ನಮ್ಮೂರಮ್ಮಂಗೆ ತಂಬಿಟ್ಟಿನ ಆರತಿ ಮಾಡ್ತೀನಿ ಅಂತ ಹರಕೆ ಹೊತ್ತವ್ಳೆ! ಅಜ್ಜಿ, ಅದು ಕತೆ ಕಣಜ್ಜಿ ಅಂದ್ರೆ, ಕತೆ ಆದ್ರೇನವ್ವ, ಮಗು ಮಗೂನೇ ಅಲ್ವಾ ಅಂತಾಳೆ."

ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಹಂಸಳೂ ನಕ್ಕಿದ್ದಳು.

ಆ ಭಾನುವಾರ ಮಧ್ಯಾಹ್ನ ತಡೆಯಲಾರದೆ ಹಂಸ ಮನೆಯಲ್ಲಿ ಒಬ್ಬಳೇ ಕೂತು ಕೊನೆಯ ಅಧ್ಯಾಯ ಓದಿಬಿಟ್ಟಳು. ಮಡಕೆ ಇಟ್ಟ ಜಾಗಕ್ಕೆ ಬರುವಷ್ಟರಲ್ಲಿ ಅಕ್ಷರ ಕಾಣಿಸಲಿಲ್ಲ. ಮುಂದಿನ ಪುಟ ತಿರುಗಿಸಿದಳು. ಖಾಲಿ ಹಾಳೆ. ಅದರ ಮುಂದಿನದು ರಟ್ಟು.

ಈಗ ಏನು ಮಾಡುವುದು? ಪಾಪ, ಸೌಜನ್ಯಳ ಅಜ್ಜಿ ಹರಕೆ ಹೊತ್ತು ಕೂತಿದ್ದಾರೆ. ಅದೂ ಅಲ್ಲದೆ ಹಂಸಳ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕತೆಯಲ್ಲಿ ಸಾವು ಬಂದ ಜಾಗದಲ್ಲಿ ಪುಸ್ತಕ ಮಡಚುವ ಹಾಗಿಲ್ಲ. ಮದುವೆಯೋ, ಮಗು ಹುಟ್ಟಿದ್ದೋ, ಪಟ್ಟಾಭಿಷೇಕವೋ, ಒಳ್ಳೆಯದೊಂದು ಬರಬೇಕು, ಮಂಗಳ ಹಾಡಬೇಕು, ಆಮೇಲೆಯೇ ತಾತ ಪುಸ್ತಕಕ್ಕೆ ದಾರ ಸುತ್ತುತ್ತಿದ್ದದ್ದು. "ಮಂಗಳ ಆಗದೆ ಏಳಬಾರದು" ಎಂದು ಅಜ್ಜಿ ಲಕ್ಷ್ಮೀದೇವಮ್ಮ ಹೇಳುತ್ತಲೇ ಇರುತ್ತಿದ್ದರು. ಈ ಪುಸ್ತಕದಲ್ಲಿ ಮಂಗಳವೇ ಇಲ್ಲ. ಬರೆದವರಿಗೆ ಪದ್ಧತಿ ಗೊತ್ತಿಲ್ಲದಿದ್ದರೇನು, ಹಂಸಳಿಗೆ ಗೊತ್ತಿತ್ತಲ್ಲ!

ಸೋಮವಾರ ಹೊಂಗೆ ಮರದ ಕೆಳಗೆ ಹಂಸ ಪುಸ್ತಕದ ಮೇಲೆ ಕಣ್ಣಿಟ್ಟು ಪುಸ್ತಕದಲ್ಲಿಲ್ಲದ್ದನ್ನು ಓದಿದಳು. ಇಬ್ಬನಿ ಒಂದು ಮರದ ತೊಲೆ ಹಿಡಿದುಕೊಂಡು ತೇಲುತ್ತಾ ಬಂದಳು. ಊರಿನ ಹೆಂಗಸರೆಲ್ಲ ಆರತಿ ಎತ್ತಿದರು. ಕೆಟ್ಟ ಅಧ್ಯಕ್ಷ ಕಾಲಿಗೆ ಬಿದ್ದು ಊರು ಬಿಟ್ಟು ಓಡಿದ. ಇಬ್ಬನಿಗೆ ಪಟ್ಟಾಭಿಷೇಕವಾಯಿತು, ಎಲ್ಲರೂ ಸುಖವಾಗಿದ್ದರು.

"ಡ್ರೋನ್ ಹಾರೋ ಊರಲ್ಲಿ ಪಟ್ಟಾಭಿಷೇಕ ಎಲ್ಲಿಂದ ಬಂತೇ?" ಎಂದು ಯಶಸ್ ಆಗಲೇ ಮೂಗು ಮುರಿದಿದ್ದ.

"ಪುಸ್ತಕದಲ್ಲಿ ಹಾಗೇ ಇದೆ" ಎಂದಿದ್ದಳು ಹಂಸ.

ಆ ಒಂದು ಮಾತು ಆಡದಿದ್ದರೆ ಎಷ್ಟು ಚೆನ್ನಾಗಿತ್ತು! ಮಂಗಳವಾರ ಚಿಕ್ಕಲಕ್ಷ್ಮಮ್ಮ ಮಡಿಯುಟ್ಟು ಆರತಿ ಬೆಳಗಿ ಬಂದರು. ಅದೇ ಮಂಗಳವಾರ ಯಶಸ್, ಪಟ್ಟಾಭಿಷೇಕದ ಅನುಮಾನ ಹೋಗದೆ, ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿ ಮನೆಗೆ ಒಯ್ದ. ಬುಧವಾರ ತಂಬಿಟ್ಟೂ ಬಂತು, ಗುಟ್ಟೂ ಹೊರಬಿತ್ತು.

ಗುರುವಾರ ಸೌಜನ್ಯ ತನ್ನ ಬ್ಯಾಗನ್ನು ಹಿಂದಿನ ಬೆಂಚಿಗೆ ಸಾಗಿಸಿದಳು. ಊಟದ ಹೊತ್ತಿಗೆ ಹೊಸ ಪುಸ್ತಕ ಶುರುವಾಯಿತು. ಓದಿದವನು ಯಶಸ್. ಅವನ ಓದು ಎಂದರೆ ಚುಕ್ಕೆ ಕಂಡರೂ ನಿಲ್ಲದ, ಕಾಮಾ ಕಂಡರೂ ನಿಲ್ಲದ ರೈಲು. ಎಲ್ಲಿ ನಗಬೇಕು, ಎಲ್ಲಿ ಹೆದರಬೇಕು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಎಲ್ಲರೂ ಅವನ ಸುತ್ತಲೇ ಕೂತರು. ಅವನು ಇರುವುದನ್ನು ಓದುತ್ತಿದ್ದ, ಅಷ್ಟು ಸಾಕಿತ್ತು ಅವರಿಗೆ. ಹಂಸ ದೂರದ ನಲ್ಲಿಯ ಹತ್ತಿರ ನಿಂತು ತೊಳೆದ ಡಬ್ಬಿಯನ್ನೇ ಮತ್ತೆ ಮತ್ತೆ ತೊಳೆದಳು. ಅಳು ಬಂತು. ಮುಖಕ್ಕೂ ನೀರು ಹಾಕಿಕೊಂಡಳು.

ಶುಕ್ರವಾರ ಬಸ್‌ಸ್ಟಾಪಿನ ತನಕ ಸೌಜನ್ಯಳ ಹಿಂದೆಯೇ ಹೋದಳು. "ಸಾರಿ ಕಣೇ ಸೌಜಿ."

"ನಂಗ್ ಹೇಳಿದ್ರೆ ಆಯ್ತಾ? ಅಜ್ಜಿಗೆ ಯಾರ್ ಹೇಳ್ತಾರೆ?" ಸೌಜನ್ಯ ತಿರುಗದೆ ಹೇಳಿದಳು. "ದಿನಾ ಕೇಳ್ತಾಳೆ, ಇಬ್ಬನಿ ಊರಲ್ಲಿ ಎಲ್ಲಾ ಚೆನ್ನಾಗವ್ರಾ ಅಂತ. ಅವ್ರೆ ಅಂತೀನಿ. ಈಗ ನಾನೂ ಸುಳ್ಳುಬುರುಕಿನೇ."

ಬಸ್ಸು ಬಂತು. ಸೌಜನ್ಯ ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕರೂ ಈ ಕಡೆ ನೋಡಲಿಲ್ಲ.

ಶನಿವಾರ ಸಂಜೆ ಜಗುಲಿಯ ಮೇಲೆ ಎಂದಿನಂತೆ ಚಾಪೆ ಹಾಸಿತ್ತು. ತಾತ ಕನ್ನಡಕ ಏರಿಸಿ ಓದಲು ಕೂತರು. ಅವತ್ತು ಯುದ್ಧದ ಕತೆ. ಹಂಸ ಕಂಬಕ್ಕೆ ಒರಗಿ ಕೂತಿದ್ದಳು. ಕತೆ ಮುಂದೆ ಮುಂದೆ ಹೋಗಿ, ಚಿಕ್ಕ ವಯಸ್ಸಿನ ಹುಡುಗನೊಬ್ಬ ಶತ್ರುಗಳ ಮಧ್ಯೆ ಒಬ್ಬನೇ ಸಿಕ್ಕಿಕೊಂಡ.

"ಹಂಸ, ಬಾಮ್ಮಾ ಇಲ್ಲಿ. ಕೋಸಂಬರಿಗೆ ಕಾಯಿ ತುರಿದುಕೊಡು" ಎಂದು ಒಳಗಿನಿಂದ ಅಜ್ಜಿ ಕರೆದರು.

ಬೇರೆ ದಿನವಾಗಿದ್ದರೆ ಹಂಸ ಕೂಡಲೇ ಎದ್ದು ಹೋಗುತ್ತಿದ್ದಳು. ಕೋಸಂಬರಿ ಎಂದರೆ ಅವಳಿಗೂ ಇಷ್ಟ. ಅವತ್ತು ಮನಸ್ಸೇ ಸರಿಯಿರಲಿಲ್ಲ, ಕೇಳಿಸದವಳ ಹಾಗೆ ಕೂತಳು. ಅಜ್ಜಿ ಇನ್ನೊಮ್ಮೆ ಕರೆದರು. ಆಗಲೂ ಏಳಲಿಲ್ಲ.

ತಾತ ಓದುತ್ತಲೇ ಇದ್ದರು. ಹುಡುಗ ಬಿದ್ದ. ತಾತ ಒಂದು ಸಾಲನ್ನೂ ಹಾರಿಸಲಿಲ್ಲ. ಅವನ ತಾಯಿಗೆ ಸುದ್ದಿ ಮುಟ್ಟಿಸುವ ಜಾಗಕ್ಕೆ ಬಂದಾಗ ಅವರ ದನಿಯೇ ಒಡೆಯಿತು. ಎದುರು ಮನೆಯ ತಿಮ್ಮಪ್ಪನವರು ಟವಲಿನಿಂದ ಕಣ್ಣೊತ್ತಿಕೊಂಡರು. ತಾತ ಒಂದು ಗುಟುಕು ನೀರು ಕುಡಿದು ಮತ್ತೆ ಓದಿದರು. ಪುಟ ತಿರುಗಿತು, ಇನ್ನಷ್ಟು ಪುಟ ತಿರುಗಿತು. ಕೊನೆಗೆ ಆ ಮನೆಯಲ್ಲಿ ಒಂದು ಕೂಸು ಹುಟ್ಟುವ ತನಕ ಓದಿ ಮಂಗಳ ಹಾಡಿದರು.

ಹಂಸ ಬೆರಗಾಗಿ ಕೂತಿದ್ದಳು. ಎಷ್ಟು ವರ್ಷದಿಂದ ಈ ಜಗುಲಿಯಲ್ಲಿ ಕತೆ ಕೇಳಿದ್ದಾಳೆ! ಮಂಗಳ ಎಲ್ಲವೂ ಬಾಯಿಪಾಠ. ಸಾವು ಮಾತ್ರ ಒಂದನ್ನೂ ಕೇಳಿದ ನೆನಪಿಲ್ಲ. ಹೂವು ಬಿಡಿಸುವುದು, ತಟ್ಟೆ ತರುವುದು, ಕಾಯಿ ತುರಿಯುವುದು, ಏನೋ ಒಂದು ಕೆಲಸ ಸರಿಯಾಗಿ ಅದೇ ಹೊತ್ತಿಗೆ ಇದ್ದೇ ಇರುತ್ತಿತ್ತು.

ಜನ ಎದ್ದು ಹೋದ ಮೇಲೆ ಅಡಿಗೆಮನೆಗೆ ಹೋದಳು. "ಅಜ್ಜಿ, ನೀನು ಬೇಕು ಅಂತಲೇ ನನ್ನನ್ನ ಒಳಗೆ ಕರೀತಿದ್ದೆ ಅಲ್ವಾ?"

ಲಕ್ಷ್ಮೀದೇವಮ್ಮ ಸಿಕ್ಕಿಬಿದ್ದವರ ಹಾಗೆ ನಕ್ಕರು. "ಇನ್ನೂ ಚಿಕ್ಕೋಳು, ಅಳ್ತೀಯ ಅಂತ ಕರೀತಿದ್ದೆ ಕಣೇ."

"ಅಳಬಾರ್ದಾ ನಾನು? ಎಲ್ಲರೂ ಅಳ್ತಾ ಕೂತಿದ್ರು. ನಾನೊಬ್ಬಳೇ ಕಾಯಿ ತುರೀಬೇಕಿತ್ತಾ?"

ತನಗೆ ಅಷ್ಟು ಕೋಪ ಬರುತ್ತದೆ ಎಂದು ಹಂಸಳಿಗೇ ಗೊತ್ತಿರಲಿಲ್ಲ. ಅಜ್ಜಿಯ ಮೇಲೆ ಅವಳಿಗೆ ಬಹಳ ಪ್ರೀತಿ. ಆದರೂ ಮೋಸಹೋದ ಹಾಗಾಗಿತ್ತು. ಹಾಗೆ ಅನ್ನಿಸಿದ್ದೇ ತಡ, ಸೌಜನ್ಯ ಡಬ್ಬಿಯ ಮುಚ್ಚಳ ಹಾಕಿದ್ದು ಕಣ್ಣಮುಂದೆ ಬಂತು.

ಬಾಗಿಲಲ್ಲಿ ತಾತ ನಿಂತಿದ್ದರು. ಅವಳ ಮುಖ ನೋಡಿ ಏನೋ ಇದೆ ಎಂದು ಅವರಿಗೆ ತಿಳಿಯಿತು. ಕೇಳಿದರು. ಹಂಸ ಎಲ್ಲವನ್ನೂ ಹೇಳಿದಳು. ತಂಬಿಟ್ಟು ತಿಂದದ್ದನ್ನೂ ಬಿಡಲಿಲ್ಲ.

"ನಾಳೆ ಅವರ ಊರಿಗೆ ಹೋಗ್ತೀಯಾ?" ಎಂದು ಕೇಳಿದರು ತಾತ, ಅಷ್ಟೇ.

ಹಂಸ ಆ ಕೂಡಲೇ ಪಕ್ಕದ ಬೀದಿಗೆ, ಯಶಸ್‌ನ ಮನೆಗೆ ಓಡಿದಳು. ಯಶಸ್ ಪುಸ್ತಕ ಬೆನ್ನ ಹಿಂದೆ ಹಿಡಿದುಕೊಂಡೇ ಬಂದ. "ಈಗ ಇನ್ನೇನ್ ಸೇರಿಸ್ಬೇಕು ಇದಕ್ಕೆ?"

"ಏನೂ ಇಲ್ಲ. ಸೌಜಿ ಅಜ್ಜಿಗೆ ಇರೋದನ್ನೇ ಓದ್ಬೇಕು."

ಯಶಸ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಪುಸ್ತಕ ಕೊಟ್ಟ. "ನೀನು ಓದಿದ್ರೆ ಇನ್ನೂ ಅಳು ಬರುತ್ತೆ ಕಣೇ" ಎಂದು ಗೊಣಗಿದ. ಅದು ಬೈಗುಳವೋ ಹೊಗಳಿಕೆಯೋ ಹಂಸಳಿಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಅವಳನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಸೌಜನ್ಯಳ ಮನೆಯ ಮುಂದೆ ಇಳಿಸಿ, ಹಳ್ಳಿಮೈಸೂರಿನಲ್ಲಿ ಕೆಲಸ ಮುಗಿಸಿ ಬರುತ್ತೇನೆಂದು ಹೊರಟರು. ಚಿಕ್ಕಲಕ್ಷ್ಮಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸುತ್ತ ಕೋಳಿಗಳು ಹುಳ ಬೀಳುವುದನ್ನೇ ಕಾಯುತ್ತಿದ್ದವು. ಸೌಜನ್ಯ ಹಂಸಳನ್ನು ಕಂಡು ಬಾಗಿಲಲ್ಲೇ ನಿಂತಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಯಾರವ್ವ? ಪುಸ್ತಕ ಓದೋ ಮಗ ನೀನೇನಾ?" ಅಜ್ಜಿಯ ಮುಖ ಅರಳಿತು. "ಬಾ, ಕುಂತ್ಕ. ನಮ್ ಸೌಜಿ ದಿನಾ ನಿನ್ ಸುದ್ದೀನೇ ಯೋಳದು. ತಂಬಿಟ್ಟು ತಿಂದ್ಯಾ? ಬೆಲ್ಲ ಸರ್ಯಾಗಿತ್ತಾ?"

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಹಂಸ ಜೋಡಿಸಿಕೊಂಡು ಬಂದಿದ್ದಳು. ಬೆಲ್ಲದ ಮಾತು ಬಂದದ್ದೇ ಎಲ್ಲ ಮರೆತುಹೋಯಿತು.

"ಅಜ್ಜಿ, ಇಬ್ಬನಿ ಮನೆಗೆ ಬರ್ಲಿಲ್ಲ. ನಾನು ಸುಳ್ಳು ಓದಿದೆ."

ಅಜ್ಜಿಯ ಕೈ ನಿಂತಿತು. "ಅಂಗಂದ್ರೆ?"

"ನೀರು ಬಂತು. ಅವಳು ಬರ್ಲಿಲ್ಲ. ಪುಸ್ತಕದಲ್ಲಿ ಅಷ್ಟೇ ಇರೋದು. ಆರತಿ ಎಲ್ಲಾ ನಾನೇ ಸೇರಿಸಿದ್ದು."

ಅಜ್ಜಿ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದರು. ಬಾಗಿಲಲ್ಲಿ ಸೌಜನ್ಯ ಉಗುರು ಕಚ್ಚುತ್ತಿದ್ದಳು.

"ಯಾಕ್ ಮಗ ಅಂಗ್ ಮಾಡ್ದೆ?"

"ನೀವು ಹರಕೆ ಹೊತ್ತಿದ್ರಿ. ಬೇಜಾರ್ ಮಾಡ್ಕೋತೀರ ಅಂತ..."

"ಬೇಜಾರ್ ಮಾಡ್ಕಬಾರ್ದಾ ನಾನು?" ಎಂದರು ಅಜ್ಜಿ.

ಅಡಿಗೆಮನೆಯಲ್ಲಿ ತಾನು ಕೇಳಿದ್ದೂ ಇದೇ ಅಲ್ಲವೇ?

ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದರು. ಸೆರಗಿನಿಂದ ಕೈ ಒರೆಸಿಕೊಂಡರು. "ಸರಿ. ಓದು. ಏನೈತೋ ಅದ್ನೇ ಓದು."

ಹಂಸ ಪುಸ್ತಕ ತೆಗೆದಳು. ಆಗ ಸೌಜನ್ಯ ಬಾಗಿಲು ಬಿಟ್ಟು ಬಂದು ಅವಳ ಪಕ್ಕದಲ್ಲೇ ಕೂತಳು. ಕೂತವಳು ಸುಮ್ಮನೆ ಕೂರಲಿಲ್ಲ. ಪುಟದ ಮೇಲೆ ಬೆರಳಿಟ್ಟಳು. ಹಂಸ ಒಂದೊಂದು ಮಾತು ಓದಿದಂತೆಲ್ಲ ಆ ಬೆರಳೂ ಒಂದೊಂದು ಮಾತಿನ ಕೆಳಗೆ ಸರಿಯಿತು. ಎಲ್ಲೂ ಏನೂ ಸೇರಲಿಲ್ಲವಷ್ಟೇ ಎಂದು ಕಾವಲು ಕಾಯುವ ಹಾಗೆ. ಹಂಸಳಿಗೆ ನಾಚಿಕೆಯಾಯಿತು. ಆದರೂ ಓದಿದಳು.

ಸುರಂಗ ಬಂತು. ಕತ್ತಲು ಬಂತು. ರೋಬೋಟ್ ಪೊಲೀಸರು ಬಂದಾಗ ಅಜ್ಜಿ, "ಇವರ್ ಮನೆ ಹಾಳಾಗ" ಎಂದು ಶಾಪ ಹಾಕಿದರು. ಉಸಿರಾಡದವರಿಗೆ ಮನೆ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ಇಬ್ಬನಿ ತೂಬು ಎತ್ತಿದಳು. "ಸಾಕು, ಈಗ ಓಡು ಮಗ, ಓಡ್ಬಾ" ಎಂದರು ಅಜ್ಜಿ, ಇಬ್ಬನಿ ಬೇಲಿಯ ಆಚೆಯೇ ಇದ್ದಾಳೇನೋ ಎನ್ನುವಂತೆ. ಬೆಳಗಾಯಿತು. ನೀರು ಬಂತು. ಚಿಗುರ ಮಡಕೆ ತುಂಬಿ ಬಾಗಿಲಲ್ಲಿಟ್ಟ. ಅಕ್ಕ ಬಂದರೆ ಕಾಲು ತೊಳೆಯಬೇಕಲ್ಲ ಎಂದ. ಅಲ್ಲಿ ಹಂಸಳ ದನಿ ನಡುಗಿತು. ನಿಲ್ಲಿಸದೆ ಕೊನೆಯ ಸಾಲಿನ ತನಕ ಓದಿದಳು.

ಅಜ್ಜಿ ಅಳುತ್ತಿದ್ದರು. ಸದ್ದಿಲ್ಲದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಸೌಜನ್ಯಳ ಕಣ್ಣಲ್ಲೂ ನೀರಿತ್ತು. ಒಂದು ಕೋಳಿ ಧೈರ್ಯ ಮಾಡಿ ಮೊರಕ್ಕೇ ಬಾಯಿ ಹಾಕಿತು. ಯಾರೂ ಓಡಿಸಲಿಲ್ಲ.

"ನೋಡ್ದ್ಯಾ, ಅಜ್ಜಿ ಅಳೋ ಹಾಗೆ ಮಾಡ್ದೆ" ಎಂದಳು ಸೌಜನ್ಯ ಮೆಲ್ಲಗೆ. "ಆರತಿ ಮಾಡಿದ್ದೆಲ್ಲ ದಂಡ ಆಯ್ತು."

"ಯಾಕವ್ವ ದಂಡ?" ಅಜ್ಜಿ ಮೂಗು ಒರೆಸಿಕೊಂಡರು. "ಕೆಳಗ್ಲ ಊರೋರ್ಗೆ ನೀರ್ ಬಂತೋ ಇಲ್ವೋ? ಅದಕ್ಕೆ ಬೆಳಗ್ದೆ ಅಂದ್ಕತೀನಿ. ಯಾವುದಕ್ಕೆ ಅಂತ ಅಮ್ಮಂಗ್ ಗೊತ್ತಾಗಕಿಲ್ವಾ? ಅವ್ಳೇನು ನಿಮ್ ಸ್ಕೂಲ್ ಬುಕ್ಕು ಓದ್ಬೇಕಾ?"

ಮಕ್ಕಳಿಬ್ಬರಿಗೂ ಅಳುವಿನ ಮಧ್ಯೆಯೇ ನಗು ಬಂತು.

"ಬೇಜಾರಾ ಅಜ್ಜಿ?" ಎಂದು ಕೇಳಿದಳು ಹಂಸ.

"ಊಂ ಕಣ್ ಮಗ. ಸ್ಯಾನೆ ಬೇಜಾರು." ಅಜ್ಜಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. "ಆದ್ರೆ ಆ ಹೈದ ಮಡಕೆ ಮಡಗ್ದ ನೋಡು. ಅವತ್ತು ಸೌಜಿ ಯೋಳ್ದಾಗ ಆ ಮಡಕೇನೇ ಇರ್ನಿಲ್ಲ. ಅಂಥಾ ಮಾತು ನಂಗೆ ಸಿಕ್ದೇನೇ ಓಗ್ಬುಡ್ತಿತ್ತಲ್ಲ ಮಗ!"

ಹಂಸ ಇದನ್ನು ಯೋಚಿಸಿರಲಿಲ್ಲ. ಸಾವನ್ನು ತೆಗೆದುಹಾಕುವಾಗ ಮಡಕೆಯನ್ನೂ ತೆಗೆದುಹಾಕಿದ್ದಳು. ಆ ಪುಟ್ಟ ಹುಡುಗ, ಅವನ ಆ ಒಂದು ಮಾತು, ಹರಿಯುತ್ತಲೇ ಇದ್ದ ನೀರು, ಎಲ್ಲವೂ ಅವಳ ತೊಲೆಯ ಜೊತೆ ಎಲ್ಲೋ ತೇಲಿಹೋಗಿದ್ದವು. ಅವನ್ನೆಲ್ಲ ಓದಿದ್ದು ತಾನೊಬ್ಬಳೇ. ಒಬ್ಬಳೇ ಓದಿ ಒಬ್ಬಳೇ ಅತ್ತಿದ್ದಳು.

"ಇನ್ನೊಂದ್ ಸಲ ಓದು" ಎಂದರು ಅಜ್ಜಿ.

"ಮತ್ತೆ ಅಳ್ತೀಯ ಕಣಜ್ಜಿ" ಎಂದಳು ಸೌಜನ್ಯ.

"ಅಳ್ತೀನಿ. ನಿಂಗೇನು? ಓದು ಮಗ. ಆ ಬೆಳಗಾಗದ್ರಿಂದ ಓದು."

ಹಂಸ ಪುಟ ತಿರುಗಿಸಿದಳು. ಬೆಳಗಾಗುವಾಗ ಕೆಳಗಿನ ಊರಿಗೆ ನೀರು ಬಂತು ಎಂದು ಶುರುಮಾಡಿದಳು. ಈ ಸಲ ದನಿ ನಡುಗಲಿಲ್ಲ. ಒಂದು ಸಾಲು ಓದಿ, ಅಭ್ಯಾಸದಂತೆ ಕೆಳಗೆ ನೋಡಿದಳು. ಪುಟದ ಮೇಲೆ ಬೆರಳಿರಲಿಲ್ಲ.

ಸೌಜನ್ಯ ಮೊರವನ್ನು ತನ್ನ ಕಡೆ ಎಳೆದುಕೊಂಡು ಕೂತಿದ್ದಳು. ಪುಸ್ತಕದ ಕಡೆ ನೋಡುತ್ತಲೇ ಇರಲಿಲ್ಲ. ಅವರೆಕಾಯಿ ಸುಲಿಯುತ್ತಾ, ತಲೆ ಒಂದು ಕಡೆ ವಾಲಿಸಿ, ಮುಂದೆ ಏನು ಬರುತ್ತದೋ ಎಂದು ಕೇಳುತ್ತಿದ್ದಳು.

ಹಂಸ ಗಂಟಲು ಸರಿಮಾಡಿಕೊಂಡಳು. ಇದ್ದದ್ದನ್ನು ಇದ್ದ ಹಾಗೆಯೇ, ಒಂದು ಮಾತೂ ಬಿಡದೆ ಓದಿದಳು.